ಮೆಚ್ಚಿದ್ದೋ, ಸಿಕ್ಕಿದ್ದೋ?

"ನಿನ್ನ ಪ್ರಕಾರ ಸಾರ್ವಕಾಲಿಕ ಹತ್ತು ಸಿನಿಮಾ ಯಾವುವು, ಹೇಳು ನೋಡೋಣ."

ಸಿನಿಮಾ ಹುಚ್ಚಿನವರು ನಾಲ್ಕು ಜನ ಸೇರಿದ ಕಡೆ ಈ ಪ್ರಶ್ನೆ ಬಂದೇ ಬರುತ್ತೆ. ಮದುವೆ ಮನೆಯ ಪಂಕ್ತಿ ಇರಲಿ, ಆಫೀಸಿನ ಕ್ಯಾಂಟೀನ್ ಇರಲಿ, ರಾತ್ರಿ ಬಸ್ಸಿನ ಹಿಂದಿನ ಸೀಟೇ ಇರಲಿ. ಒಬ್ಬ 'ಬಂಗಾರದ ಮನುಷ್ಯ' ಅಂತಾನೆ. ಇನ್ನೊಬ್ಬ 'ನಾಗರಹಾವು' ಇಲ್ಲದ ಪಟ್ಟಿ ಪಟ್ಟಿನೇ ಅಲ್ಲ ಅಂತಾನೆ. ಮೂಲೆಯಲ್ಲಿ ಕೂತವನು ಗಂಟಲು ಸರಿ ಮಾಡ್ಕೊಂಡು 'ಸೆವೆನ್ ಸಮುರಾಯ್' ಅಂತಾನೆ. ಆಮೇಲೆ ಅರ್ಧ ಗಂಟೆ ಜಗಳ. ನಾನೂ ಈ ಜಗಳದಲ್ಲಿ ಸಾಕಷ್ಟು ಗಂಟಲು ಹರ್ಕೊಂಡವನೇ :)

ಈ ಪಟ್ಟಿ ಮಾಡೋ ಚಟದ ಇತಿಹಾಸವನ್ನ ಸುಮ್ಮನೆ ಕುತೂಹಲಕ್ಕೆ ಕೆದಕಿದೆ. ಕೆದಕ್ತಾ ಕೆದಕ್ತಾ ಒಂದು ಅನುಮಾನ ಗಟ್ಟಿಯಾಯ್ತು. ನಮ್ಮ ಪಟ್ಟಿ ನಮ್ಮ ಅಭಿರುಚಿಯನ್ನ ಹೇಳುತ್ತೆ ಅಂತ ನಾವು ಅಂದ್ಕೊಂಡಿದೀವಿ. ಆದ್ರೆ ನಮಗೆ ಏನು ನೋಡೋಕೆ ಸಿಕ್ತು ಅನ್ನೋದನ್ನೇ ಅದು ಹೆಚ್ಚು ಹೇಳುತ್ತೆ.

ಈ ಆಟದ ದೊಡ್ಡ ಪಂದ್ಯ ಶುರುವಾಗಿದ್ದು ೧೯೫೨ರಲ್ಲಿ. ಆ ವರ್ಷ ಬೆಲ್ಜಿಯಂನಲ್ಲಿ ನಿರ್ದೇಶಕರನ್ನೆಲ್ಲ ಕೇಳಿ ಒಂದು ಪಟ್ಟಿ ಮಾಡಿದ್ರು. ಐಸೆನ್‌ಸ್ಟೈನ್‌ನ 'ಬ್ಯಾಟಲ್‌ಶಿಪ್ ಪೊಟೆಂಕಿನ್' ಮೊದಲು ಬಂತು. ಅದನ್ನ ನೋಡಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆಯವರು, ವಿಮರ್ಶಕರನ್ನ ಯಾಕೆ ಕೇಳಬಾರದು ಅಂತ ೮೫ ಜನಕ್ಕೆ ಪತ್ರ ಬರೆದ್ರು. ಉತ್ತರ ಕೊಟ್ಟವರು ೬೩ ಜನ. ೨೫ ಮತ ಪಡೆದು ಗೆದ್ದಿದ್ದು ವಿಟ್ಟೋರಿಯೊ ಡಿ ಸಿಕಾನ 'ಬೈಸಿಕಲ್ ಥೀವ್ಸ್'. ಆಗ ಆ ಸಿನಿಮಾಕ್ಕೆ ಬರೀ ನಾಲ್ಕು ವರ್ಷ ವಯಸ್ಸು! ಇವತ್ತು ನಾಲ್ಕು ವರ್ಷದ ಹಿಂದಿನ ಸಿನಿಮಾನ ಸಾರ್ವಕಾಲಿಕ ಶ್ರೇಷ್ಠ ಅಂದ್ರೆ ಪಕ್ಕದಲ್ಲಿ ಕೂತವರು ನಗ್ತಾರೆ. ಆದ್ರೆ ಅವತ್ತಿನ ಕಷ್ಟ ಯೋಚನೆ ಮಾಡಿ. ಟಿವಿಯಲ್ಲಿ ಹಳೇ ಸಿನಿಮಾ ಇಲ್ಲ, ಕ್ಯಾಸೆಟ್ ಇಲ್ಲ, ಸಿಡಿ ಇಲ್ಲ. ಟಾಕೀಸಿಂದ ಎತ್ತಂಗಡಿಯಾದ ಸಿನಿಮಾ ಮತ್ತೆ ಸಿಗಬೇಕು ಅಂದ್ರೆ ಯಾರಾದ್ರೂ ಮರುಬಿಡುಗಡೆ ಮಾಡಬೇಕು, ಇಲ್ಲಾ ಫಿಲಂ ಸೊಸೈಟಿಯವರು ಪ್ರಿಂಟು ಹುಡುಕಿ ತರಬೇಕು.

ಆ ೧೯೫೨ರ ಮೊದಲ ಹತ್ತರಲ್ಲಿ ಆರ್ಸನ್ ವೆಲ್ಸ್‌ನ 'ಸಿಟಿಜನ್ ಕೇನ್' ಇಲ್ಲವೇ ಇಲ್ಲ. ೧೯೪೧ರಲ್ಲಿ ಬಂದ ಸಿನಿಮಾ ಅದು. ಯುದ್ಧದಿಂದಾಗಿ ಫ್ರಾನ್ಸಿನವರಿಗೆ ೧೯೪೬ರವರೆಗೂ ನೋಡೋಕೆ ಸಿಕ್ಕಿರಲಿಲ್ಲ. ೧೯೫೬ರ ಹೊತ್ತಿಗೆ ಅಮೆರಿಕದಲ್ಲಿ ಮರುಬಿಡುಗಡೆಯಾಯ್ತು, ಟಿವಿಗೂ ಬಂತು. ಹೊಸ ತಲೆಮಾರು ನೋಡ್ತು. ೧೯೬೨ರ ಪಟ್ಟಿಯಲ್ಲಿ ನೇರ ಒಂದನೇ ಸ್ಥಾನ! ಅಲ್ಲಿಂದ ೨೦೦೨ರವರೆಗೆ, ಹತ್ತು ವರ್ಷಕ್ಕೊಮ್ಮೆಯಂತೆ ಐದು ಸಲ ಆ ಸ್ಥಾನ ಬಿಟ್ಟು ಅಲುಗಾಡಲಿಲ್ಲ. ಸಿನಿಮಾ ಬದಲಾಗಿರಲಿಲ್ಲ, ಒಂದು ಫ್ರೇಮೂ ಬದಲಾಗಿರಲಿಲ್ಲ. ಬದಲಾಗಿದ್ದು ಅದು ಸಿಗೋ ರೀತಿ. ಅದೊಂದೇ ಕಾರಣ ಅಂತ ನಾನು ಹೇಳ್ತಿಲ್ಲ, ಆದ್ರೆ ಅದಿಲ್ಲದೆ ಉಳಿದ ಕಾರಣಗಳಿಗೆ ಕೆಲಸವೇ ಇರ್ತಿರಲಿಲ್ಲ.

ಅದನ್ನ ಕೆಳಗಿಳಿಸಿದ ಹಿಚ್‌ಕಾಕ್‌ನ 'ವರ್ಟಿಗೋ' ಕಥೆ ಇನ್ನೂ ಸ್ವಾರಸ್ಯ. ೧೯೫೮ರ ಸಿನಿಮಾ. ಇದರ ಹಕ್ಕು ಹಿಚ್‌ಕಾಕ್ ಕೈಗೇ ವಾಪಸ್ ಬಂದಿತ್ತು. ಹೀಗಾಗಿ 'ರಿಯರ್ ವಿಂಡೋ' ಸೇರಿ ಐದು ಸಿನಿಮಾಗಳು ಹತ್ತಿರ ಹತ್ತಿರ ಒಂದು ದಶಕ ಚಲಾವಣೆಯಲ್ಲೇ ಇರಲಿಲ್ಲ. ೧೯೮೦ರಲ್ಲಿ ಆತ ತೀರಿಕೊಂಡ ಮೇಲೆ, ೧೯೮೩-೮೪ರಲ್ಲಿ ಮತ್ತೆ ಬಿಡುಗಡೆಯಾದವು. ನೋಡೋಕೆ ಸಿಗದೇ ಇದ್ದ ಕಾಲದಲ್ಲೇ, ೧೯೮೨ರಲ್ಲಿ, 'ವರ್ಟಿಗೋ' ಏಳನೇ ಸ್ಥಾನಕ್ಕೆ ಬಂದಿತ್ತು. ಹಿಂದೆ ನೋಡಿದವರು ಮರೆತಿರಲಿಲ್ಲ ಅಂತ ಕಾಣುತ್ತೆ. ಬಿಡುಗಡೆಯಾದ ಮೇಲಿನ ಓಟ ನೋಡಿ: ೧೯೯೨ರಲ್ಲಿ ನಾಲ್ಕು, ೨೦೦೨ರಲ್ಲಿ ಎರಡು, ೨೦೧೨ರಲ್ಲಿ ಒಂದು.

ಇನ್ನು ೨೦೨೨. ಮತ ಹಾಕಿದವರು ೨೦೧೨ರಲ್ಲಿ ೮೪೬ ಜನ ಇದ್ದದ್ದು ೧,೬೩೯ ಆದ್ರು. ಗೆದ್ದಿದ್ದು ಬೆಲ್ಜಿಯಂನ ಶಾಂಟಾಲ್ ಅಕರ್‌ಮನ್ ೧೯೭೫ರಲ್ಲಿ ತೆಗೆದ 'ಜಾನ್ ಡೀಲ್‌ಮನ್'. ಒಬ್ಬ ಗೃಹಿಣಿ ಆಲೂಗಡ್ಡೆ ಸಿಪ್ಪೆ ತೆಗೆಯೋದು, ಹಾಸಿಗೆ ಸರಿ ಮಾಡೋದು ಎಲ್ಲವನ್ನೂ ಮೂರು ಗಂಟೆಗೂ ಮೀರಿ ತಾಳ್ಮೆಯಿಂದ ತೋರಿಸೋ ಸಿನಿಮಾ. ಹಳಬರು ಕೆಲವರು ಕೂಗಾಡಿದ್ರು. ಆದ್ರೆ ಕೇಳೋ ಜನ ಬದಲಾದ್ರೆ ಉತ್ತರವೂ ಬದಲಾಗುತ್ತೆ, ಅಲ್ವಾ?

ನಮ್ಮ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' ೧೯೯೨ರಲ್ಲಿ ಆರನೇ ಸ್ಥಾನದಲ್ಲಿತ್ತು. ಮಾರನೇ ವರ್ಷವೇ, ೧೯೯೩ರ ಜುಲೈನಲ್ಲಿ, ಲಂಡನ್ನಿನ ಒಂದು ಫಿಲಂ ಲ್ಯಾಬಿಗೆ ಬೆಂಕಿ ಬಿದ್ದು ರಾಯ್ ಅವರ ಹಲವು ಸಿನಿಮಾಗಳ ಮೂಲ ನೆಗೆಟಿವ್ ಸುಟ್ಟುಹೋಯ್ತು. ಅದರಲ್ಲಿ ಇದೂ ಒಂದು. ಜಗತ್ತಿನ ಆರನೇ ಅತ್ಯುತ್ತಮ ಸಿನಿಮಾ ಅಂತ ಪಟ್ಟ ಕಟ್ಟಿ ಒಂದು ವರ್ಷವೂ ಆಗಿರಲಿಲ್ಲ! ಪುಣ್ಯಕ್ಕೆ ಆ ಕರಕಲನ್ನ ಯಾರೂ ಎಸೆಯಲಿಲ್ಲ. ಎರಡು ದಶಕ ಹಾಗೇ ಇಟ್ಟಿದ್ರು. ಆಮೇಲೆ ಇಟಲಿಯ ಬೊಲೋನ್ಯಾದಲ್ಲಿ ಉಳಿದ ತುಂಡುಗಳನ್ನ ಹದ ಮಾಡಿ, ಪೂರ್ತಿ ಹಾಳಾದ ಕಡೆ ಬೇರೆ ಪ್ರತಿಗಳಿಂದ ತುಂಬಿ, ೨೦೧೫ರಲ್ಲಿ ಮತ್ತೆ ಜನರ ಮುಂದಿಟ್ರು. ಇವತ್ತು ನಾನು, ನೀವು ಅಪು-ದುರ್ಗಾ ರೈಲು ನೋಡೋಕೆ ಓಡೋದನ್ನ ಅಷ್ಟು ಸ್ವಚ್ಛವಾಗಿ ನೋಡ್ತಿರೋದು ಅವರ ಕೃಪೆಯಿಂದ.

ಎಲ್ಲ ಸಿನಿಮಾಗೂ ಆ ಪುಣ್ಯ ಇಲ್ಲ. ಇಲ್ಲಿ ನಮ್ಮಜ್ಜನ ವಿಷಯ ಹೇಳಲೇಬೇಕು.

ನಮ್ಮಜ್ಜನಿಗೆ ಯಾರೇ ಕೇಳಿದ್ರೂ ಒಂದನೇ ನಂಬರಿನ ಸಿನಿಮಾ 'ಸತಿ ಸುಲೋಚನ'. ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಅವರ ಸೋದರಮಾವ ಬೆಂಗಳೂರಿಗೆ ಕರ್ಕೊಂಡು ಹೋಗಿ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ ತೋರಿಸಿದ್ರಂತೆ. ೧೯೩೪ರ ಮಾರ್ಚ್ ೩ರಂದು ಬಿಡುಗಡೆಯಾದ, ಕನ್ನಡದ ಮೊದಲ ವಾಕ್ಚಿತ್ರ ಅದು. ದುಡ್ಡು ಹಾಕಿದ್ದು ಚಮನ್‌ಲಾಲ್ ಡುಂಗಾಜಿ, ನಿರ್ದೇಶನ ವೈ.ವಿ. ರಾವ್, ಸಾಹಿತ್ಯ ಬೆಳ್ಳಾವೆ ನರಹರಿ ಶಾಸ್ತ್ರಿಗಳದು, ಚಿತ್ರೀಕರಣ ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. "ಪರದೆ ಕನ್ನಡ ಮಾತಾಡ್ತು ಕಣೋ" ಅನ್ನೋರು ಅಜ್ಜ. "ನಾಗೇಂದ್ರರಾಯರ ರಾವಣನ ಮುಂದೆ ನಿಮ್ಮ ಯಾವನೂ ಇಲ್ಲ."

ನಾವು ಮೊಮ್ಮಕ್ಕಳು 'ಬಬ್ರುವಾಹನ', 'ಮಯೂರ' ಅಂತ ಕೂಗ್ತಿದ್ವಿ. ಅಜ್ಜ ಜಗ್ಗುತ್ತಿರಲಿಲ್ಲ. ಅವರನ್ನ ಸೋಲಿಸೋಕೂ ಆಗ್ತಿರಲಿಲ್ಲ, ಒಪ್ಪೋಕೂ ಆಗ್ತಿರಲಿಲ್ಲ. ಯಾಕಂದ್ರೆ ಆ ಸಿನಿಮಾದ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಭಾರತದ ಮೊದಲ ವಾಕ್ಚಿತ್ರ, ೧೯೩೧ರ 'ಆಲಂ ಆರಾ' ಕಥೆಯೂ ಅದೇ. ಆಗಿನ ನೈಟ್ರೇಟ್ ಫಿಲಂ ಬೇಗ ಬೆಂಕಿ ಹತ್ತಿಕೊಳ್ಳೋದು, ಸೆಕೆಗೆ ತಾನಾಗೇ ಕೊಳೆಯೋದು. ಅದರಿಂದ ಉಳಿದದ್ದನ್ನ ಫಿಲಂನಲ್ಲಿರೋ ಬೆಳ್ಳಿಗಾಗಿ ಕರಗಿಸೋರಿಗೆ ಮಾರಿಬಿಡ್ತಿದ್ರು. ಟಾಕೀಸಿನ ಓಟ ಮುಗಿದ ಮೇಲೆ ಅದಕ್ಕೆ ಇನ್ನೇನು ಬೆಲೆ ಅಂತ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗಿದ್ದು ೧೯೬೪ರಲ್ಲಿ, 'ಸತಿ ಸುಲೋಚನ' ಬಂದು ಮೂವತ್ತು ವರ್ಷದ ಮೇಲೆ. ಪಿ.ಕೆ. ನಾಯರ್ ಅನ್ನೋ ಪುಣ್ಯಾತ್ಮರು ಊರೂರು ಅಲೆದು ಡಬ್ಬಿ ಹುಡುಕಿ ತಂದ್ರು ನಿಜ, ಆದ್ರೆ ಅಷ್ಟರಲ್ಲಿ ಹೋದದ್ದು ಹೋಗಿತ್ತು.

ಈಗ ನಮ್ಮ ಕನ್ನಡದ ಪಟ್ಟಿಗಳನ್ನ ತಿರುಗಿ ನೋಡಿ. ನಾನು ಕಂಡ ಪಟ್ಟಿಗಳೆಲ್ಲ ಶುರುವಾಗೋದೇ ೧೯೫೪ರ 'ಬೇಡರ ಕಣ್ಣಪ್ಪ'ದಿಂದ ಈಚೆಗೆ. ಅದಕ್ಕೆ ಮುಂಚಿನ ಇಪ್ಪತ್ತು ವರ್ಷದಲ್ಲಿ ಒಳ್ಳೇದೇನೂ ಬರಲಿಲ್ಲವೋ, ನಮ್ಮ ಕಣ್ಣಿಗೆ ಬೀಳಲಿಲ್ಲವೋ? ಈಚಿನದರಲ್ಲೂ ಮತ್ತೆ ಮತ್ತೆ ಕಂಡದ್ದೇ ಮೇಲೆ. 'ಸತ್ಯ ಹರಿಶ್ಚಂದ್ರ' ೨೦೦೮ರಲ್ಲಿ, 'ಕಸ್ತೂರಿ ನಿವಾಸ' ೨೦೧೪ರಲ್ಲಿ ಬಣ್ಣ ಬಳ್ಕೊಂಡು ಬಂದವು, 'ನಾಗರಹಾವು' ೨೦೧೮ರಲ್ಲಿ ಹೊಸ ರೂಪದಲ್ಲಿ ಬಂತು. ೧೯೯೫ರ 'ಓಂ' ಅಂತೂ ೨೦೧೫ರವರೆಗೆ ಟಿವಿಗೇ ಬರಲಿಲ್ಲ. ನೋಡಬೇಕಂದ್ರೆ ಟಾಕೀಸಿಗೇ ಹೋಗಬೇಕಿತ್ತು. ಅದಕ್ಕೇ ಇಪ್ಪತ್ತು ವರ್ಷ ಒಂದಲ್ಲ ಒಂದು ಊರಲ್ಲಿ ಮರುಬಿಡುಗಡೆ ಆಗ್ತಾನೇ ಇತ್ತು, ಪ್ರತಿ ಸಲ ಹೊಸ ಅಭಿಮಾನಿಗಳನ್ನ ಹುಟ್ಟಿಸ್ತಾನೇ ಇತ್ತು.

ಪಟ್ಟಿಯಿಂದ ಏನು ಉಪಯೋಗ ಅಂತ ಕೇಳೋರಿಗೆ ಒಂದು ಉದಾಹರಣೆ. ೨೦೨೨ರಲ್ಲಿ ಅಂತರರಾಷ್ಟ್ರೀಯ ಸಿನಿಮಾ ವಿಮರ್ಶಕರ ಒಕ್ಕೂಟದ ಭಾರತೀಯ ವಿಭಾಗ ದೇಶದ ಹತ್ತು ಅತ್ಯುತ್ತಮ ಸಿನಿಮಾ ಆರಿಸಿತು. ಮೊದಲು 'ಪಥೇರ್ ಪಾಂಚಾಲಿ'. ಐದನೆಯದು ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'. ೨೦೨೪ರಲ್ಲಿ ಅದೇ 'ಘಟಶ್ರಾದ್ಧ' ಜೀರ್ಣೋದ್ಧಾರವಾಗಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಪಟ್ಟಿಯಿಂದಲೇ ಉಳೀತು ಅಂತಲ್ಲ. ಆದ್ರೆ ದುಡ್ಡು, ಶ್ರಮ ಹಾಕಿ ಉಳಿಸೋರು ಯಾವುದನ್ನ ಮೊದಲು ಕೈಗೆತ್ತಿಕೊಳ್ತಾರೆ? ಜನರ ಬಾಯಲ್ಲಿ ಇರೋದನ್ನ. ಯಾರ ಬಾಯಲ್ಲೂ ಇಲ್ಲದ ಡಬ್ಬಿ ಗೋಡೌನಿನಲ್ಲೇ ಹುಳಿ ವಾಸನೆ ಹೊಡೀತಾ ಕೂತಿರುತ್ತೆ.

ಅದಕ್ಕೇ ನಾನೀಗ ಪಟ್ಟಿ ಮಾಡೋ ರೀತಿ ಬದಲಾಯಿಸಿದೀನಿ. ಬರೀ ಹೆಸರಲ್ಲ, ಎಲ್ಲಿ ನೋಡಿದ್ದು ಅಂತಾನೂ ಬರೀತೀನಿ. ಸದ್ಯಕ್ಕೆ ಐದು:

೧. ಭೂತಯ್ಯನ ಮಗ ಅಯ್ಯು - ಊರ ಟೆಂಟು. ಪ್ರವಾಹದ ಹೊತ್ತಿಗೆ ಸರಿಯಾಗಿ ರೀಲು ಕಟ್!
೨. ಕಸ್ತೂರಿ ನಿವಾಸ - ದೂರದರ್ಶನ, ಪಕ್ಕದ ಮನೆ, ಕಿಟಕಿ ಆಚೆ ನಿಂತು.
೩. ಘಟಶ್ರಾದ್ಧ - ಫಿಲಂ ಸೊಸೈಟಿ, ಗೀರು ಬಿದ್ದ ಪ್ರಿಂಟು.
೪. ಬೈಸಿಕಲ್ ಥೀವ್ಸ್ - ಬಾಡಿಗೆ ಸಿಡಿ, ಎರಡು ದಿನಕ್ಕೆ ಇಪ್ಪತ್ತು ರೂಪಾಯಿ.
೫. ಪಥೇರ್ ಪಾಂಚಾಲಿ - ಬೆಂಕಿಯಿಂದ ಎದ್ದು ಬಂದ ಹೊಸ ಪ್ರತಿ.

ಹೀಗೆ ಬರೆದ ಮೇಲೆ ನನ್ನ ಜಗಳದ ಉಮೇದು ಅರ್ಧ ಇಳಿದಿದೆ. ಎದುರಿನವನ ಪಟ್ಟಿಯಲ್ಲಿ ಒಂದು ಸಿನಿಮಾ ಇಲ್ಲ ಅಂದ್ರೆ ಅವನಿಗೆ ರುಚಿ ಇಲ್ಲ ಅಂತ ಅಲ್ಲ, ಅವನೂರಿಗೆ ಆ ಪ್ರಿಂಟು ಬಂದಿರಲಿಲ್ಲ ಅಂತಾನೂ ಇರಬಹುದು.

ನಿಮ್ಮದೂ ಬರೀರಿ. ಅದಕ್ಕಿಂತ ಮೊದಲು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ, ಅಜ್ಜಿ, ದೊಡ್ಡಮ್ಮ ಯಾರಾದ್ರೂ ಇದ್ರೆ ಅವರ ಪಟ್ಟಿ ಕೇಳಿ, ಎಲ್ಲಿ ನೋಡಿದ್ರು ಕೇಳಿ, ಏನು ನೆನಪಿದೆ ಕೇಳಿ. ಆಮೇಲೆ ಆ ಸಿನಿಮಾ ಇವತ್ತು ಎಲ್ಲಾದ್ರೂ ಸಿಗುತ್ತಾ ಅಂತ ಹುಡುಕಿ. ಸಿಕ್ರೆ ಅವರ ಜೊತೆ ಕೂತು ನೋಡಿ. ಸಿಗದಿದ್ರೆ ಅವರು ಹೇಳಿದ್ದನ್ನಾದ್ರೂ ಬರೆದಿಟ್ಕೊಳ್ಳಿ. ನಮ್ಮಜ್ಜನ ರಾವಣ ಏನೇನು ಡೈಲಾಗ್ ಹೊಡೀತಿದ್ದ ಅನ್ನೋದನ್ನ ನಮ್ಮ ಮನೇಲಿ ಯಾರೂ ಬರೆದಿಡಲಿಲ್ಲ.