ಘಟಿಕೆಯಿಂದ ನವೋದಯದವರೆಗೆ

ವಿಶ್ವವಿದ್ಯಾನಿಲಯದ ಘಟಿಕೋತ್ಸವದ ವಾರ್ತೆಯನ್ನು ಬಾನುಲಿಯಲ್ಲಿ ಕೇಳುವ ಗೃಹಸ್ಥರು ಆ ಶಬ್ದದ ಮೂಲವನ್ನು ವಿಚಾರಿಸುವುದು ಅಪರೂಪ. ಘಟಿಕಾಸ್ಥಾನವೆಂದರೆ ಹಿಂದೆ ಉನ್ನತ ವಿದ್ಯಾಭ್ಯಾಸದ ಸ್ಥಳ. ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲಕ್ಕೆ, ಕ್ರಿ. ಶ. 11ನೆಯ ಶತಮಾನದಲ್ಲಿ, ಅಂಥದೊಂದು ವಿದ್ಯಾಪೀಠವಿದ್ದಿತು. ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರಿಗೂ ಅಲ್ಲಿ ಜೀವನವೃತ್ತಿ ಏರ್ಪಟ್ಟಿದ್ದುದನ್ನು ಶಾಸನದಿಂದ ತಿಳಿಯುತ್ತೇವೆ. ಘಟವೆಂದರೆ ಕೊಡ. ಓಲೆಯ ಚೂರುಗಳನ್ನು ಕೊಡದಲ್ಲಿ ಹಾಕಿ, ಕೈಗೆ ಬಂದುದನ್ನು ತೆಗೆದು ವಿದ್ಯಾರ್ಥಿಯನ್ನು ಪರೀಕ್ಷಿಸುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಕೆಲವು ವಿದ್ವಾಂಸರ ಊಹೆ. ಊಹೆ ದಿಟವಾಗಿದ್ದರೆ, ಕೊಡದೊಳಗಿನ ಓಲೆಗೆ ಪಕ್ಷಪಾತ ತಿಳಿಯದೆಂದು ಒಪ್ಪೋಣ. ಆದರೆ ಆ ಕೊಡದ ಬಳಿಗೆ ಬಂದು ನಿಲ್ಲುವ ಅಧಿಕಾರ ಯಾರಿಗಿತ್ತು? ಹೊಲ ಉಳುವವನ, ಕುರಿ ಕಾಯುವವನ, ತೊಗಲು ಹದಮಾಡುವವನ ಮಗನ ವಿಷಯದಲ್ಲಿ ಪ್ರವೇಶದ ಪ್ರಶ್ನೆಯೇ ಏಳಲಿಲ್ಲ. ಮಗಳ ಮಾತಂತೂ ದೂರ.

ನಿಜಾಮರ ಆಳ್ವಿಕೆಯಲ್ಲಿ ರಾಯಚೂರು ಸೀಮೆಯ ಶಾಲೆಯ ಬಾಗಿಲಿಗೆ ಇನ್ನೊಂದು ಬೀಗ ಬಿದ್ದಿತು. ಅದು ಭಾಷೆಯ ಬೀಗ. ಕೆಳಗಿನ ತರಗತಿಗಳಲ್ಲಿ ಕನ್ನಡಕ್ಕೆ ಎಡೆಯಿದ್ದರೂ ಮೇಲಕ್ಕೆ ಹೋದಂತೆ ಉರ್ದುವೇ ಪಾಠದ ಮಾಧ್ಯಮ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿಯೂ ಹಾಗೆಯೇ. ದೇಶಭಾಷೆಯೊಂದರಲ್ಲಿ ಉಚ್ಚ ಶಿಕ್ಷಣವನ್ನು ಕೊಡಲು ಹೊರಟ ಆ ಸಾಹಸ ಸಣ್ಣದಲ್ಲ. ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ದೇವದುರ್ಗದ ಕಡೆಯ ಒಕ್ಕಲುತನದವನ ಮಗ ತಾನು ಮನೆಯಲ್ಲಿ ಆಡದ ನುಡಿಯಲ್ಲಿ ಲೆಕ್ಕವನ್ನೂ ಚರಿತ್ರೆಯನ್ನೂ ಬರೆದು, ಅದೇ ನುಡಿಯನ್ನು ತಾಯಿಯ ಬಾಯಿಂದ ಕಲಿತ ನಗರದ ಹುಡುಗನ ಸರಿಸಮಕ್ಕೆ ನಿಲ್ಲಬೇಕಾಗಿತ್ತು. ಪ್ರಶ್ನೆಪತ್ರಿಕೆ ಮಾತ್ರ ಇಬ್ಬರಿಗೂ ಒಂದೇ.

ಖಾಸಗಿ ಶಾಲೆ ತೆರೆಯಲು ಸರ್ಕಾರದ ಅಪ್ಪಣೆ ಸುಲಭವಾಗಿ ದೊರೆಯದ ಕಾಲವದು. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಹುಟ್ಟಿತು. 1920ರ ದಶಕದ ಆರಂಭದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಹಮ್‌ದರ್ದ್ ಎಂದರೆ ಇನ್ನೊಬ್ಬರ ನೋವಿನಲ್ಲಿ ಪಾಲುಗೊಳ್ಳುವವನು. ಶಾಲೆಗೆ ಇಡಬಹುದಾದ ಹೆಸರುಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಸುಮಾರು ಇದೇ ಹೊತ್ತಿಗೆ, 1918ರಲ್ಲಿ, ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಸರ್ಕಾರಿ ನೌಕರಿಗಳು ಒಂದೇ ಸಮುದಾಯದ ಪಾಲಾಗುತ್ತಿವೆಯೆಂಬುದು ದೂರು. ಸಮಿತಿಯು ನೌಕರಿಯ ಜೊತೆಗೆ ವಿದ್ಯಾರ್ಥಿವೇತನದ ಮಾತನ್ನೂ ಎತ್ತಿತು. ಶಾಲೆಯಲ್ಲಿ ಇಲ್ಲದವನು ಕಚೇರಿಗೆ ಬರುವುದೆಲ್ಲಿಂದ? ತುಂಗಭದ್ರೆಯ ಈಚೆ ದಡದ ನಮ್ಮವರಿಗೆ ಇಂಥ ವಿಚಾರಣೆಯ ಭಾಗ್ಯ ತಡವಾಗಿ ಬಂದಿತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಬೀಗ ತೆಗೆಯಿತು, ಆದರೆ ಒಳಗೆ ಹೋಗಲು ಬೇಕಾದ ಕಾಲ್ಬಲ ಎಲ್ಲರಿಗೂ ಸಮನಾಗಿರಲಿಲ್ಲ. 2011ರ ಜನಗಣತಿಯಲ್ಲಿ ಸಹ ಜಿಲ್ಲೆಯ ಹೆಂಗಸರಲ್ಲಿ ಅಕ್ಷರ ಬಲ್ಲವರು ಅರ್ಧಕ್ಕೆ ಮುಟ್ಟಿರಲಿಲ್ಲ.

ಇನ್ನು ನಮ್ಮ ಕಾಲದ ಕೊಡದ ವಿಷಯ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶ್ರಯದಲ್ಲಿ ಜಿಲ್ಲೆಗೊಂದರಂತೆ ನವೋದಯ ವಿದ್ಯಾಲಯಗಳು ಬೆಳೆದವು. ರಾಯಚೂರು ಜಿಲ್ಲೆಯದು ಮುದಗಲ್ಲಿನಲ್ಲಿದೆ. ಊಟ, ವಸತಿ, ಪುಸ್ತಕ ಎಲ್ಲವೂ ಸರ್ಕಾರದ್ದು. ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳಿಗೆ ಆರನೆಯ ತರಗತಿಯಲ್ಲಿ ಪ್ರವೇಶ. ಎರಡು ಗಂಟೆಗಳಲ್ಲಿ 80 ಪ್ರಶ್ನೆಗಳು, 100 ಅಂಕ. ಅದರಲ್ಲಿ ಅರ್ಧ ಬುದ್ಧಿಶಕ್ತಿಯ ಪರೀಕ್ಷೆಗೆ, ಉಳಿದರ್ಧ ಲೆಕ್ಕ ಮತ್ತು ಭಾಷೆಗೆ. ಕನ್ನಡದಲ್ಲಿಯೇ ಬರೆಯಬಹುದು. ಜೀವಮಾನದಲ್ಲಿ ಒಂದೇ ಸಲ ಕೂಡಬಹುದು. ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಶಾಸನದ ತರುವಾಯ ಹನ್ನೊಂದು ವರ್ಷದ ಮಕ್ಕಳನ್ನು ಪರೀಕ್ಷೆಯಿಂದ ಜರಡಿ ಹಿಡಿದು ಬೇರೆ ಬೇರೆ ಶಾಲೆಗಳಿಗೆ ಕಳಿಸುತ್ತಿದ್ದರು. ಇಪ್ಪತ್ತು ವರ್ಷಗಳಲ್ಲಿ ಅದಕ್ಕೆ ವಿರೋಧ ಬಲಿತು, 1965ರಿಂದ ಆ ಪದ್ಧತಿಯನ್ನು ಬಹುಮಟ್ಟಿಗೆ ಕೈಬಿಡತೊಡಗಿದರು. ನವೋದಯವನ್ನು ಯೋಜಿಸಿದವರು ಜರಡಿಯನ್ನು ಉಳಿಸಿಕೊಂಡರು, ಆದರೆ ಅದರ ಕಣ್ಣುಗಳನ್ನು ಬೇರೆ ಅಳತೆಗೆ ಮಾಡಿದರು. ನೂರಕ್ಕೆ 75 ಸ್ಥಾನಗಳಾದರೂ ಹಳ್ಳಿಯ ಮಕ್ಕಳಿಗೆ. ಮೂರನೆಯ ಒಂದು ಭಾಗ ಹುಡುಗಿಯರಿಗೆ. ಪರಿಶಿಷ್ಟ ಜಾತಿ ಪಂಗಡಗಳಿಗೆ ಜಿಲ್ಲೆಯ ಜನಸಂಖ್ಯೆಯನ್ನು ನೋಡಿ ಪಾಲು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ತರುವಾಯ ಬಂದ ಏರ್ಪಾಡುಗಳೂ ಉಂಟು. ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಲ್ಲಿ 2010-11ರಿಂದ ಆದರ್ಶ ವಿದ್ಯಾಲಯಗಳು ತೆರೆದವು. ದೇವದುರ್ಗದಲ್ಲಿಯೂ ಮಾನ್ವಿಯಲ್ಲಿಯೂ ಅವು ಇವೆ. ಪ್ರವೇಶಕ್ಕೆ ಪರೀಕ್ಷೆ, ಪಾಠಕ್ಕೆ ಇಂಗ್ಲಿಷು. ಐದು ವರ್ಷ ಕನ್ನಡದಲ್ಲಿ ಓದಿದ ಮಗು ಗೆದ್ದು ಒಳಗೆ ಹೋದ ಮರುದಿನವೇ ಪರಭಾಷೆಯ ಮುಂದೆ ಕೂಡುವುದನ್ನು ಕಂಡಾಗ, ಹಳೆಯ ಬೀಗ ನೆನಪಾಗದೆ ಇರದು. 371-ಜೆ ವಿಧಿ ಸಂವಿಧಾನವನ್ನು ಸೇರಿದ ಮೇಲೆ ಈ ಪ್ರಾಂತದ ಕಾಲೇಜುಗಳಲ್ಲಿ ನೂರಕ್ಕೆ 70 ಸ್ಥಾನಗಳು ಸ್ಥಳೀಯರಿಗೆ ಮೀಸಲಾದವು. ದೊಡ್ಡ ಗೆಲುವೇ ಸರಿ. ಆದರೆ 2002ರ ನಂಜುಂಡಪ್ಪ ಸಮಿತಿಯ ವರದಿಯು ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ದೇವದುರ್ಗ, ಮಾನ್ವಿಗಳು ಆ ಪಟ್ಟಿಯಲ್ಲಿದ್ದವು, ರಾಯಚೂರು ಇರಲಿಲ್ಲ. 371-ಜೆ ಲೆಕ್ಕದಲ್ಲಿ ಮಾತ್ರ ರಾಯಚೂರು ನಗರದ ವಕೀಲರ ಮಗನೂ ದೇವದುರ್ಗದ ಕೂಲಿಯ ಮಗನೂ ಒಂದೇ ಬಗೆಯ ಸ್ಥಳೀಯರು.

ಈಗ ಮತ್ತೆ ನವೋದಯದ ಹಳ್ಳಿಯ ಪಾಲಿಗೆ ಬರೋಣ. ಪಟ್ಟಣದವರು ಅದನ್ನು ಕಸಿದುಕೊಳ್ಳದಂತೆ ಬಿಗಿಯಾದ ನಿಯಮವಿದೆ. ಮಗು ಮೂರು, ನಾಲ್ಕು, ಐದನೆಯ ತರಗತಿಗಳನ್ನು ಪೂರ್ಣಾವಧಿ ಹಳ್ಳಿಯ ಶಾಲೆಯಲ್ಲಿಯೇ ಓದಿರಬೇಕು. ಐದನೆಯದನ್ನು ಅದೇ ಜಿಲ್ಲೆಯಲ್ಲಿ. ಈ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ಆ ಮಗು ನಗರದ ಅಭ್ಯರ್ಥಿ. ದೇವದುರ್ಗ, ಮಾನ್ವಿ ಪಟ್ಟಣಗಳೂ ನಗರಗಳ ಲೆಕ್ಕಕ್ಕೇ ಸೇರುತ್ತವೆ. ಉದ್ದೇಶ ಸಾಧುವಾದುದು. ಆದರೆ ಹೆಸರನ್ನು ಹಳ್ಳಿಯ ಹಾಜರಿಯಲ್ಲಿಟ್ಟು, ಸಂಜೆಗೂ ರಜೆಗೂ ಮಗುವನ್ನು ಪಟ್ಟಣದ ತರಬೇತಿಗೆ ಕಳಿಸಬಲ್ಲ ತಂದೆಗೆ ಇದರಿಂದ ತೊಡಕಿಲ್ಲ. ತೊಡಕಾಗುವುದು ಗುಳೆ ಹೋಗುವವರಿಗೆ.

ಗುಳೆಯೆಂದರೆ ಏನೆಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿ ಬಿಡಿಸಿ, ಸುಗ್ಗಿ ಮುಗಿದು, ಹೊಲ ಬರಿದಾದೊಡನೆ ದೇವದುರ್ಗದ ಹಳ್ಳಿಗಳಿಂದ ಸಂಸಾರಕ್ಕೆ ಸಂಸಾರವೇ ಗಂಟು ಕಟ್ಟಿಕೊಂಡು ಬೆಂಗಳೂರು, ಪುಣೆಗಳ ಕಟ್ಟಡದ ಕೆಲಸಕ್ಕೆ ಹೊರಡುತ್ತದೆ. ಮಾನ್ವಿಯಲ್ಲಿ ಕಾಲುವೆಯ ನೀರು ಸಾಲದ ಕೊನೆಯ ಹಳ್ಳಿಗಳದ್ದೂ ಅದೇ ಪಾಡು. ಮನೆಯಲ್ಲಿ ಅಜ್ಜಿಯಿದ್ದರೆ ಮಗು ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ. ಹೋದಲ್ಲಿ ತಂಗಿಯನ್ನು ನೋಡಿಕೊಳ್ಳುತ್ತದೆ.

ಇಂಥ ಮಗುವೊಂದನ್ನು ಬೆಂಗಳೂರಿನ ಒಬ್ಬ ಸಹೃದಯ ಮುಖ್ಯೋಪಾಧ್ಯಾಯರು ಕರೆದು ತಮ್ಮ ಸರ್ಕಾರಿ ಶಾಲೆಯಲ್ಲಿ ಮೂರು ತಿಂಗಳು ಕೂಡಿಸಿಕೊಂಡರೆನ್ನಿ. ಅವರು ಮಾಡಿದ್ದು ಪುಣ್ಯದ ಕೆಲಸ. ಆ ದಿನದಿಂದ ತಗಡಿನ ಶೆಡ್ಡಿನಲ್ಲಿ ಮಲಗುವ ಆ ಮಗು ನಿಯಮದ ಪ್ರಕಾರ ನಗರವಾಸಿ. ಉಳಿದ ನೂರಕ್ಕೆ 25ರ ಪಾಲಿಗಾಗಿ ರಾಯಚೂರಿನ ವೈದ್ಯರ, ವರ್ತಕರ ಮಕ್ಕಳೊಡನೆ ಅದರ ಪೈಪೋಟಿ. ಅವರು ಕೂಡಿಸಿಕೊಳ್ಳದೆ ಬಿಟ್ಟಿದ್ದರೆ ಮಗು ಕಾಗದದ ಮೇಲೆ ಹಳ್ಳಿಯದಾಗಿಯೇ ಉಳಿಯುತ್ತಿತ್ತು, ಭಾಗಾಕಾರ ಬಾರದೆ. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದವನಾಗಿ ನನಗೆ ಅನ್ನಿಸುವುದಿಷ್ಟು: ಕೆಲಸ ಅರಸಿ ಹೋದ ತಂದೆತಾಯಿಗಳೊಡನೆ ಊರು ಬಿಟ್ಟ ಮಗುವಿನ ಆ ತಿಂಗಳುಗಳನ್ನು ಅದರ ಸ್ವಂತ ಹಳ್ಳಿಯ ಓದೆಂದೇ ಎಣಿಸಬೇಕು. ಪಂಚಾಯಿತಿಯೂ ಎರಡೂ ಶಾಲೆಗಳ ಮುಖ್ಯೋಪಾಧ್ಯಾಯರೂ ಒಂದು ಪತ್ರ ಬರೆದುಕೊಟ್ಟರೆ ಸಾಕು. ಸದ್ಯಕ್ಕೆ ಅರ್ಜಿಯಲ್ಲಿ ಓದಿದ ಪ್ರದೇಶವನ್ನು ಕೇಳುವಲ್ಲಿ ಇರುವುದು ಗ್ರಾಮೀಣ, ನಗರ ಎಂಬ ಎರಡೇ ಮಾತು.