ಬೇಸಿಗೆ ರಜೆಯಲ್ಲಿ ನೀರು ಹಾಕುವವರು ಯಾರು?

ನಗರದ ಶಾಲೆಯಲ್ಲಿ ಕೈತೋಟ ಮಾಡಿ ಕೈಸುಟ್ಟುಕೊಂಡ ಯಾವ ಮೇಷ್ಟರನ್ನೇ ಕೇಳಿ, ಬೀಜ ಗೊಬ್ಬರದ ಮಾತಿಗಿಂತ ಮೊದಲು ರಜೆಯ ಮಾತು ಬರುತ್ತದೆ. ಏಪ್ರಿಲ್‌ನಲ್ಲಿ ಗೇಟಿಗೆ ಬೀಗ ಬಿದ್ದ ಮೇಲೆ ಗಿಡಕ್ಕೆ ನೀರು ಹಾಕುವವರು ಯಾರು? ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಶಾಲಾ ತೋಟಗಳ ಚರಿತ್ರೆಯನ್ನು ಓದುತ್ತ ಹೋದರೆ ಎಲ್ಲ ದೇಶಗಳಲ್ಲೂ ಎದುರಾಗುವ ಪ್ರಶ್ನೆ ಇದೇ.

ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಿಶುಶಾಲೆಗೆ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟ. ಮಕ್ಕಳ ತೋಟ ಎಂದರ್ಥ. ಅವನ ಕಲ್ಪನೆಯಲ್ಲಿ ಪ್ರತಿ ಮಗುವಿಗೂ ಸ್ವಂತದ್ದೊಂದು ಪುಟ್ಟ ಮಡಿಯಿತ್ತು, ಸುತ್ತ ಎಲ್ಲರಿಗೂ ಸೇರಿದ ಮಡಿಗಳಿದ್ದವು. ನಮ್ಮ ಎಲ್‌ಕೆಜಿ, ಯುಕೆಜಿಗಳಲ್ಲಿ 'ಜಿ' ಅಕ್ಷರ ಉಳಿದಿದೆ, ತೋಟ ಹೋಗಿದೆ.

ನಗರದ ಮಕ್ಕಳಿಗಾಗಿಯೇ ತೋಟ ಎಂಬ ಯೋಚನೆ ಅಮೆರಿಕದಲ್ಲಿ ಬಲಿಯಿತು. 1902ರಲ್ಲಿ ಫ್ಯಾನಿ ಪಾರ್ಸನ್ಸ್ ಎಂಬಾಕೆ ನ್ಯೂಯಾರ್ಕಿನ ಡೆವಿಟ್ ಕ್ಲಿಂಟನ್ ಪಾರ್ಕಿನಲ್ಲಿ ಬಡ ವಠಾರಗಳ ಮಕ್ಕಳಿಂದ ತರಕಾರಿ ಬೆಳೆಸಿದರು. ಮೊದಲ ಮಹಾಯುದ್ಧ ಬಂದಾಗ ಸರ್ಕಾರ 'ಶಾಲಾ ತೋಟ ಸೈನ್ಯ'ವನ್ನೇ ಕಟ್ಟಿತು. ಲಕ್ಷಾಂತರ ಮಕ್ಕಳು ಗುದ್ದಲಿ ಹಿಡಿದರು. ಯುದ್ಧ ಮುಗಿಯಿತು, ಹಣ ನಿಂತಿತು, ಸೈನ್ಯ ಚದುರಿತು. ಆದರೆ 1914ರಲ್ಲಿ ಬ್ರೂಕ್ಲಿನ್ ಸಸ್ಯೋದ್ಯಾನ ಶುರುಮಾಡಿದ ಮಕ್ಕಳ ತೋಟ ಇಂದಿಗೂ ನಡೆಯುತ್ತಿದೆ. ಅಲ್ಲಿ ಬೇಸಿಗೆ ರಜೆಯೇ ಬೆಳೆಯ ಕಾಲ. ಶಾಲೆ ಬೀಗ ಹಾಕುವ ಹೊತ್ತಿಗೇ ಟೊಮೆಟೊ ಕಾಯಿ ಕಟ್ಟುತ್ತದೆ. ಉದ್ಯಾನಕ್ಕೆ ರಜೆಯೂ ಇಲ್ಲ, ಅಲ್ಲಿ ಮಾಲಿಗಳೂ ಉಂಟು. ಆ ತೋಟ ಬದುಕಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಕ್ಯೂಬಾದ ಕಥೆಯಲ್ಲೂ ಸಂಕಟವೇ ಗುರು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಎಣ್ಣೆ, ರಸಗೊಬ್ಬರ ನಿಂತಾಗ ಹವಾನಾದ ಜನ ಖಾಲಿ ನಿವೇಶನಗಳಲ್ಲಿ ಎತ್ತರದ ಮಡಿ ಕಟ್ಟಿ, ಕಾಂಪೋಸ್ಟ್ ತುಂಬಿ ಸೊಪ್ಪು ತರಕಾರಿ ಬೆಳೆದರು. ನಗರ ಕೃಷಿ ಎಂದರೆ ಹವ್ಯಾಸವಲ್ಲ, ಹೊಟ್ಟೆಪಾಡು ಎಂದು ಜಗತ್ತಿಗೆ ತೋರಿಸಿದ್ದು ಅವರು. ಅದೇ ದಶಕದಲ್ಲಿ, 1995ರಲ್ಲಿ, ಅಮೆರಿಕದ ಬರ್ಕ್ಲಿಯ ಬಾಣಸಿಗೆ ಆಲಿಸ್ ವಾಟರ್ಸ್ ಒಂದು ಸರ್ಕಾರಿ ಶಾಲೆಯ ಡಾಂಬರು ಅಂಗಳವನ್ನು ತೋಟವಾಗಿಸುವ ಕೆಲಸಕ್ಕೆ ಕೈಹಾಕಿದರು. ಪಕ್ಕದಲ್ಲೇ ಅಡುಗೆಮನೆ. ಬೆಳೆದವರೇ ಬೇಯಿಸಬೇಕು, ಬೇಯಿಸಿದವರೇ ಉಣ್ಣಬೇಕು. ತೋಟಕ್ಕೆ ಒಲೆಯ ನಂಟು ಬಿದ್ದದ್ದು ದೊಡ್ಡ ತಿರುವು.

ನಮ್ಮಲ್ಲಿ ಕೈಕೆಲಸಕ್ಕೂ ಕಲಿಕೆಗೂ ನಂಟು ಹಾಕುವ ಮಾತು ಹೊಸದೇನಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ 'ನಯೀ ತಾಲೀಮ್' ಕೈಕಸುಬಿನ ಮೂಲಕವೇ ಗಣಿತ, ವಿಜ್ಞಾನ ಕಲಿಸುವ ಯೋಜನೆ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ನಡೆಸಿದ ಪ್ರಯೋಗವೂ ಮಗುವನ್ನು ಪುಸ್ತಕದಾಚೆಗೆ ಕರೆದೊಯ್ಯುವಂಥದ್ದು. ಸ್ವಾತಂತ್ರ್ಯಾನಂತರ ಇವೆಲ್ಲ ಸೊರಗಿದವು. 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದಿತು. ಒಳ್ಳೆಯ ತೀರ್ಪು. ಆದರೆ ತರಗತಿಗೆ ಬರುವಷ್ಟರಲ್ಲಿ ಅದು ಬಾಯಿಪಾಠ ಮಾಡುವ ಇನ್ನೊಂದು ವಿಷಯವಾಯಿತು. ಇಕೋ ಕ್ಲಬ್‌ಗಳು ಬಂದವು. ಹಲವು ಕಡೆ ಅವು ಪರಿಸರ ದಿನವಾದ ಜೂನ್ 5ರಂದು ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದಕ್ಕೇ ನಿಂತವು.

ಬೆಂಗಳೂರಿನಲ್ಲಿ ದಾರಿ ತೆರೆದದ್ದು ಶಾಲೆಗಿಂತ ಮೊದಲು ತಾರಸಿ. ಕೀಟಶಾಸ್ತ್ರಜ್ಞ ಡಾ. ಬಿ.ಎನ್. ವಿಶ್ವನಾಥ್ 1990ರ ದಶಕದಿಂದ ತಾರಸಿ ತೋಟದ ಪಾಠ ಹೇಳುತ್ತ ಬಂದರು. 2011ರಲ್ಲಿ ಶುರುವಾದ 'ಊಟ ಫ್ರಂ ಯುವರ್ ತೋಟ' ಮೇಳ ಮನೆಮನೆಯ ಬೆಳೆಗಾರರನ್ನು ಒಂದೆಡೆ ಸೇರಿಸಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಒಂದು ಚದರ ಮೀಟರ್ ಜಾಗದಲ್ಲಿ ನಿಲ್ಲುವ ಲಂಬ ತೋಟದ ಚೌಕಟ್ಟನ್ನು ರೂಪಿಸಿತು. ಅಂಗಳವೇ ಇಲ್ಲದ ಶಾಲೆಗೆ ಹೇಳಿ ಮಾಡಿಸಿದ್ದು. 2019ರಲ್ಲಿ ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ತೋಟಗಳ ಮಾರ್ಗಸೂಚಿ ಹೊರಡಿಸಿ ತೋಟವನ್ನು ಬಿಸಿಯೂಟಕ್ಕೆ ಜೋಡಿಸಿತು. ಬರ್ಕ್ಲಿಯಲ್ಲಿ ಒಲೆ ಹೊಸದಾಗಿ ಹೂಡಬೇಕಾಯಿತು. ನಮ್ಮ ಹಲವು ಸರ್ಕಾರಿ ಶಾಲೆಗಳಲ್ಲಿ ಅದು ದಿನವೂ ಉರಿಯುತ್ತಲೇ ಇದೆ.

ಇನ್ನು ನೀರು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5000 ರೂಪಾಯಿ ದಂಡ ಎಂದಿತು. ಪರಿಸರದ ಪಾಠ ಹೇಳುವ ತೋಟ ಟ್ಯಾಂಕರ್ ನೀರು ಕುಡಿದರೆ ಮಕ್ಕಳು ಕಲಿಯುವುದಾದರೂ ಏನನ್ನು? ಕೈತೊಳೆದ ನೀರು, ಅಕ್ಕಿ ತೊಳೆದ ನೀರು, ಚಾವಣಿಯ ಮಳೆನೀರು ಮಡಿಗೆ ಹರಿಯಬೇಕು. ಆ ಲೆಕ್ಕವೇ ಒಂದು ಗಣಿತದ ಪಾಠ.

ಮೊದಲ ಪ್ರಶ್ನೆಗೆ ಬರೋಣ. ಅಮೆರಿಕದ ಮೇಷ್ಟರಿಗಿಲ್ಲದ ಅನುಕೂಲ ನಮಗಿದೆ. ನಮ್ಮ ಶಾಲೆ ತೆರೆಯುವುದೂ ಮುಂಗಾರು ಇಳಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ದಸರಾ ರಜೆಯೊಳಗೆ ಹುರುಳಿಕಾಯಿ, ಬೆಂಡೆ ಮುಗಿಯುತ್ತವೆ. ಸಂಕ್ರಾಂತಿಯ ಹೊತ್ತಿಗೆ ಅವರೆ. ಮಾರ್ಚ್ ಕೊನೆಗೆ ಗಿಡ ಕಿತ್ತು, ಮಡಿಗೆ ಗೊಬ್ಬರ ಹಾಕಿ, ತರಗೆಲೆ ಹೊದಿಸಿ ಬೀಗ ಹಾಕಿದರಾಯಿತು. ಮಣ್ಣಿಗೂ ರಜೆ ಸಿಗಲಿ, ಬೇಸಿಗೆಯಲ್ಲಿ ಯಾರೂ ನೀರು ಹಾಕಬೇಕಿಲ್ಲ. ಜೂನ್ ಮೊದಲ ವಾರ ಬಿತ್ತಿದ ದಂಟಿನ ಸೊಪ್ಪು ಜುಲೈ ಮೊದಲ ವಾರದ ಸಾರಿಗೆ ಬರುತ್ತದೆ.