ಮಾರಿಕಣಿವೆಗೆ ಹೆಸರಿತ್ತ ರಾಣಿ: ವಾಣಿವಿಲಾಸ ಸನ್ನಿಧಾನ

ಮಳೆಗಾಲದಲ್ಲಿ ಹಿರಿಯೂರಿನ ಕಡೆ ಇಬ್ಬರು ರೈತರು ಎದುರಾದರೆ ಮೊದಲು ಕೇಳುವುದು, 'ಡ್ಯಾಂ ಎಷ್ಟು ಅಡಿ ಆಯ್ತು?' 130 ಅಡಿ ಮುಟ್ಟಿದರೆ ಕೋಡಿ. ಹಳಬರ ಬಾಯಲ್ಲಿ ಈ ಜಲಾಶಯ ಇಂದಿಗೂ ಮಾರಿಕಣಿವೆ. ಅಲ್ಲಿ ಕಣಿವೆ ಮಾರಮ್ಮನ ಗುಡಿ ಇದೆ. ಸರ್ಕಾರಿ ಕಾಗದಗಳಲ್ಲಿ ಅದು ವಾಣಿವಿಲಾಸ ಸಾಗರ. ಆ ಹೆಸರು 'ವಾಣಿವಿಲಾಸ ಸನ್ನಿಧಾನ' ಎನಿಸಿಕೊಂಡ ಮಹಾರಾಣಿ ಕೆಂಪನಂಜಮ್ಮಣ್ಣಿಯವರದು. ಮಗ ಪ್ರಾಯಕ್ಕೆ ಬರುವವರೆಗೆ ಏಳೂವರೆ ವರ್ಷ ಮೈಸೂರಿನ ಆಡಳಿತದ ಹೊಣೆ ಹೊತ್ತವರು ಅವರು.

ಕಳಲೆಯ ಮನೆತನ

ಕೆಂಪನಂಜಮ್ಮಣ್ಣಿ ಹುಟ್ಟಿದ್ದು 1866ರಲ್ಲಿ, ನಂಜನಗೂಡಿನ ಬಳಿಯ ಕಳಲೆಯ ಅರಸು ಮನೆತನದಲ್ಲಿ. ಮೈಸೂರಿಗೆ ದಳವಾಯಿಗಳನ್ನು ಕೊಟ್ಟ ಮನೆತನ ಅದು. ಹದಿನೆಂಟನೆಯ ಶತಮಾನದಲ್ಲಿ ಕಳಲೆಯ ದೇವರಾಜಯ್ಯ, ನಂಜರಾಜಯ್ಯರ ಕೈ ಎಷ್ಟು ಮೇಲಾಗಿತ್ತೆಂದರೆ, ಆಗಿನ ಅರಸ ಚಾಮರಾಜ ಒಡೆಯರನ್ನು ಪಟ್ಟದಿಂದ ಇಳಿಸಿ ಕಬ್ಬಾಳದುರ್ಗದ ಸೆರೆಗೆ ಕಳಿಸಿದರು. ಅದೇ ಮನೆಯ ಮಗಳು 1878ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕೈಹಿಡಿದು ಅರಮನೆಗೆ ಬಂದರು. ಆಗ ಅವರಿಗೆ ಹನ್ನೆರಡರ ಆಸುಪಾಸು.

ಕಲ್ಕತ್ತೆಯ ಆಘಾತ

1894ರ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ ಮಹಾರಾಜರು ಗಂಟಲಮಾರಿಗೆ, ಅಂದರೆ ಡಿಫ್ತೀರಿಯಾಕ್ಕೆ ಬಲಿಯಾದರು. ವಯಸ್ಸು ಮೂವತ್ತೊಂದು. ರಾಣಿಗೆ ಇಪ್ಪತ್ತೆಂಟು, ಹಿರಿಯ ಮಗ ಕೃಷ್ಣರಾಜನಿಗೆ ಹತ್ತು. ಮುಂದಿನ ಫೆಬ್ರವರಿಯಲ್ಲಿ ಬಾಲಕನಿಗೆ ಪಟ್ಟವಾಯಿತು, ತಾಯಿ ರೀಜೆಂಟ್ ಆದರು. ಕೈಗಳು ಪೂರ್ತಿ ಬಿಚ್ಚಿರಲಿಲ್ಲ ನಿಜ. ಒಂದು ಕಡೆ ಬ್ರಿಟಿಷ್ ರೆಸಿಡೆಂಟ್, ಇನ್ನೊಂದು ಕಡೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಅಧ್ಯಕ್ಷತೆಯ ಸಮಿತಿ. ಆದರೂ ಆ ಕಾಲದ ಕೆಲಸಗಳನ್ನೆಲ್ಲ ದಿವಾನರ ಲೆಕ್ಕಕ್ಕೇ ಬರೆಯುವ ರೂಢಿ ನನಗೆ ಸರಿಕಾಣದು. 1897ರಲ್ಲಿ ಹಿರಿಯ ಮಗಳ ಮದುವೆಯ ಹೊತ್ತಿಗೇ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಮರುವರ್ಷ ಪ್ಲೇಗು ಬಂತು. ಅದರ ನಡುವೆಯೇ ಹೊಸ ಅರಮನೆ ಏಳತೊಡಗಿತು, ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಬಂತು, ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿ ತಲುಪಿತು.

ವೇದಾವತಿಗೆ ಕಟ್ಟೆ

ಬಾಬಾಬುಡನ್ ಬೆಟ್ಟದ ಕಡೆಯಿಂದ ಬರುವ ವೇದಾ, ಅವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಹೊಳೆ ಬಯಲುಸೀಮೆಗೆ ಇಳಿದು ಎರಡು ಗುಡ್ಡಗಳ ಇಕ್ಕಟ್ಟಿನಲ್ಲಿ ನುಸುಳುವ ಜಾಗವೇ ಮಾರಿಕಣಿವೆ. 1876–78ರ ಬರ ಕಂಡ ಸೀಮೆಗೆ ಆ ಇಕ್ಕಟ್ಟು ದೇವರು ಕೊಟ್ಟ ಬಾಗಿಲಿನಂತಿತ್ತು. ಮುಚ್ಚಿದರೆ ಸಾಕು, ಹಿಂದೆ ಸಮುದ್ರವೇ ನಿಲ್ಲುತ್ತದೆ. 1898ರಲ್ಲಿ ಕೆಲಸ ಹಿಡಿದರು. ಕಲ್ಲುಗಾರೆಯ ಕಟ್ಟೆ, ಸುಮಾರು 30 ಟಿಎಂಸಿ ನೀರು ಹಿಡಿಯುವ ಒಡಲು. ಹೆಚ್ಚಾದ ನೀರು ಪಕ್ಕದ ಕೋಡಿಯ ಮೇಲೆ ತಾನಾಗಿ ಹರಿದುಹೋಗಬೇಕು. ಕೆಲಸ ಮುಗಿದದ್ದು 1907ರಲ್ಲಿ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ಆಗಿನ್ನೂ ನಾಲ್ಕು ವರ್ಷ ಬಾಕಿ ಇತ್ತು.

ಮರಳಿ ಕೊಟ್ಟ ಅಧಿಕಾರ

ಕಟ್ಟೆ ಮುಗಿಯುವ ಹೊತ್ತಿಗೆ ರಾಣಿ ಅಧಿಕಾರದಲ್ಲಿರಲಿಲ್ಲ. 1902ರ ಆಗಸ್ಟ್ 8ರಂದು ವೈಸರಾಯ್ ಕರ್ಜನ್ ಎದುರು ಹದಿನೆಂಟು ತುಂಬಿದ ಮಗನಿಗೆ ರಾಜ್ಯ ಒಪ್ಪಿಸಿದ್ದರು. ಹಿಂದೊಮ್ಮೆ ಒಡೆಯರಿಂದ ಅಧಿಕಾರ ಕಿತ್ತುಕೊಂಡಿದ್ದ ಮನೆತನದ ಹೆಣ್ಣುಮಗಳು, ಕೈಗೆ ಬಂದ ಅಧಿಕಾರವನ್ನು ಕಾಪಿಟ್ಟು ಹೇಳಿದ ದಿನಕ್ಕೆ ಮರಳಿಸಿದರು. ಆ ಮಗ, ನಾಲ್ವಡಿ ಕೃಷ್ಣರಾಜರ ದೊಡ್ಡ ಆಳ್ವಿಕೆಯನ್ನು ಕೊಂಡಾಡುವವರು ಅದಕ್ಕೆ ಪಾಯ ಹಾಕಿದ ಈ ವರ್ಷಗಳನ್ನೂ ನೆನೆಯಬೇಕು.

ಕೋಡಿ

ಮಳೆನೆರಳಿನ ಸೀಮೆಯಲ್ಲಿ ಅಷ್ಟು ದೊಡ್ಡ ಒಡಲು ತುಂಬುವುದು ಸುಲಭವಲ್ಲ. 1933ರಲ್ಲಿ ಮಾರಿಕಣಿವೆ ಕೋಡಿ ಬಿತ್ತು. ಮರುವರ್ಷ ಕೆಂಪನಂಜಮ್ಮಣ್ಣಿ ತೀರಿಕೊಂಡರು. 1933ರ ಆ ಕೋಡಿಯ ಬಳಿಕ ಕಲ್ಲು ಮತ್ತೆ ನೆನೆಯಲು 89 ವರ್ಷ ಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ನೀರು ಕಲ್ಲಿನ ಮೇಲೆ ಬೆಳ್ಳಗೆ ಜಾರಿದಾಗ ಜನ ಜಾತ್ರೆಗೆ ಬಂದಂತೆ ಬಂದರು. ಅದೇ ಹೊತ್ತಿಗೆ ಹಿನ್ನೀರು ಹೊಸದುರ್ಗ ತಾಲ್ಲೂಕಿನ ತೋಟಗಳಿಗೂ ನುಗ್ಗಿತ್ತು. ಈಗ ಭದ್ರೆಯ ನೀರೂ ಈ ಒಡಲಿಗೆ ಬರುತ್ತಿದೆ. 2025ರ ಜನವರಿಯಲ್ಲಿ ಕೋಡಿ ಮತ್ತೆ ಹರಿಯಿತು.